ವಿಕಟಕವಿಯನ್ನು ಒಪ್ಪದ ಹೆಬ್ಬಾವು

ಕಂಪ್ಯೂಟರ್ ಭಾಷೆಯ ಯಾವ ಪುಸ್ತಕ ತೆರೆದರೂ ಮೊದಲ ಪಾಠ ಒಂದೇ: ಪರದೆಯ ಮೇಲೆ ‘ಹಲೋ, ವರ್ಲ್ಡ್’ ಎಂದು ಮೂಡಿಸುವುದು. ಕರ್ನಿಗನ್ ಮತ್ತು ರಿಚೀ ಎಂಬಿಬ್ಬರು 1978ರಲ್ಲಿ ‘ಸಿ’ ಭಾಷೆಗೆಂದು ಬರೆದ ಪುಸ್ತಕದಿಂದ ಈ ಸಂಪ್ರದಾಯ ಎಲ್ಲೆಡೆ ಹಬ್ಬಿತು. ನನಗೇಕೋ ಇದು ಒಗ್ಗಲಿಲ್ಲ. ನಮ್ಮ ಮೈಸೂರಿನಲ್ಲಿ ಇಡೀ ಜಗತ್ತಿಗೆ ಒಟ್ಟಿಗೇ ಕೈಮುಗಿಯುವವರು ಚುನಾವಣೆಗೆ ನಿಂತವರು ಮಾತ್ರ. ಉಳಿದವರು ಎದುರಿಗೆ ಸಿಕ್ಕವರನ್ನು ಕೇಳುವುದು ‘ಊಟ ಆಯ್ತಾ?’ ಎಂದು. ನಿವೃತ್ತಿಯಾದ ಮೇಲೆ ಪೈಥಾನ್ ಕಲಿಯಲು ಕೂತ ನಾನು ಮೊದಲು ಬರೆಸಿದ್ದೂ ಅದನ್ನೇ.

‘ಊಟ ಆಯ್ತಾ?’ ಎಂದು ಪರದೆಯ ಮೇಲೆ ಮೂಡಿತು. ಮೂಡಿ ಸುಮ್ಮನಾಯಿತು. ಕೇಳಿದ ಮೇಲೆ ಉತ್ತರಕ್ಕೆ ನಿಲ್ಲದೆ ಹೋಗುವುದು ಮರ್ಯಾದೆಯಲ್ಲ; ಅದಕ್ಕಾಗಿ ‘ಇನ್‌ಪುಟ್’ ಕಲಿತೆ. ‘ಇಲ್ಲ’ ಎಂದವರಿಗೆ ಎಲೆ ಹಾಕಿ, ‘ಆಯ್ತು’ ಎಂದವರಿಗೆ ಕಾಫಿ ಕೊಡಲು ‘ಇಫ್’, ‘ಎಲ್ಸ್’ ಬಂದವು. ಎಲೆ ಮುಂದೆ ಕೂತವರಿಗೆ ಹೋಳಿಗೆ ಬಡಿಸಬೇಕಲ್ಲ, ಅವರು ‘ಸಾಕು’ ಎನ್ನುವವರೆಗೆ ಬಡಿಸುತ್ತಲೇ ಇರಲು ‘ವೈಲ್’ ಎಂಬ ಸುತ್ತು. ಪುಸ್ತಕದ ಪ್ರಕಾರ ‘ಸಾಕು’ ಕೇಳಿದ ಕೂಡಲೇ ಸುತ್ತು ನಿಲ್ಲಬೇಕು. ಹಿಂದಿನಿಂದ ಇಣುಕಿದ ನಮ್ಮವಳು, “ಒಂದ್ಸಲ ಸಾಕು ಅಂದಿದ್ದಕ್ಕೇ ನಿಲ್ಸಿಬಿಡ್ತೀರಾ? ಬಂದವರು ಏನಂದ್ಕೋತಾರೆ!” ಎಂದಳು. ಮೂರು ‘ಸಾಕು’ ಆಗುವವರೆಗೆ ಎಣಿಸಲು ಒಂದು ವೇರಿಯೇಬಲ್ ಸೇರಿಸಿದೆ. ಮೂರರ ನಂತರವೂ ‘ನನ್ನ ಕೈಯಿಂದ ಒಂದೇ ಒಂದು’ ಎನ್ನುವ ಅತ್ತೆಯಂದಿರಿಗೆ ಪೈಥಾನಿನಲ್ಲಿ ಏರ್ಪಾಡು ಇದೆಯೋ ಎಂದು ಹುಡುಕಲು ಹೋಗಲಿಲ್ಲ.

ಪುಸ್ತಕದ ಅಭ್ಯಾಸಗಳನ್ನು ಮಾಡಲು ನನಗೆ ಮನಸ್ಸೇ ಬರುವುದಿಲ್ಲ. ವೃತ್ತದ ವಿಸ್ತೀರ್ಣ, ಅವಿಭಾಜ್ಯ ಸಂಖ್ಯೆ, ಯಾವುದೋ ಕಂಪನಿಯ ಯಾರೋ ನೌಕರನ ಸಂಬಳ. ಅವನ ಸಂಬಳ ಕಡಿಮೆ ಬಂದರೆ ನನ್ನನ್ನು ಕೇಳುವವರು ಯಾರು? ಹಾಲಿನ ಲೆಕ್ಕ ಹಾಗಲ್ಲ, ಅದನ್ನು ಕೇಳುವವರು ಮನೆಯಲ್ಲೇ ಇದ್ದಾರೆ.

ಪೈಥಾನ್ ಹುಟ್ಟಿದ್ದೂ ಇಂಥದೇ ಬಿಡುವಿನ ಕೆಲಸವಾಗಿ. 1989ರ ಕ್ರಿಸ್‌ಮಸ್ ಹೊತ್ತಿಗೆ, ಆಮ್‌ಸ್ಟರ್‌ಡ್ಯಾಮಿನಲ್ಲಿ, ಆಫೀಸಿಗೆ ರಜೆ ಇದ್ದಾಗ ಕೈಗೊಂದು ಕೆಲಸ ಇರಲಿ ಎಂದು ಗೀಡೊ ವಾನ್ ರೋಸಮ್ ಇದನ್ನು ಶುರುಮಾಡಿದರು. 1991ರಲ್ಲಿ ಊರಿಗೆಲ್ಲ ಕೊಟ್ಟರು. ಹೆಸರು ಬಂದದ್ದು ಹಾವಿನಿಂದಲ್ಲ, ಬಿಬಿಸಿಯ ಮಾಂಟಿ ಪೈಥಾನ್ ಎಂಬ ಹಾಸ್ಯ ಕಾರ್ಯಕ್ರಮದಿಂದ. ಆದರೆ ಲಾಂಛನದಲ್ಲಿ ಎರಡು ಹಾವುಗಳು ಸುತ್ತಿಕೊಂಡಿವೆ. ನಾಗರಪಂಚಮಿಯ ದಿನ ಅದನ್ನು ತೆರೆದುಕೊಂಡು ಕೂತಿದ್ದಾಗ ನಮ್ಮ ಅತ್ತಿಗೆ ಪರದೆಗೆ ಕೈಮುಗಿದು ಹೋದರು.

ಈ ಭಾಷೆಯಲ್ಲಿ ಖಾಲಿ ಜಾಗಕ್ಕೂ ಅರ್ಥವಿದೆ. ‘ಇಫ್’ನ ಅಡಿಯಲ್ಲಿ ಬರುವ ಸಾಲುಗಳೆಲ್ಲ ಒಂದೇ ಅಳತೆಯಲ್ಲಿ, ವಾಡಿಕೆಯಂತೆ ನಾಲ್ಕು ಸ್ಪೇಸ್, ಒಳಗೆ ಸರಿದಿರಬೇಕು. ಹಳೆಯ ಕಾಲದ ಪಂಕ್ತಿಯಲ್ಲಿ ಒಬ್ಬ ಒಂದು ಗೇಣು ಹಿಂದೆ ಸರಿದು ಕೂತರೂ ಬಡಿಸುವುದು ನಿಲ್ಲಿಸಿ ‘ಸಾಲಿಗೆ ಬನ್ನಿ ಸ್ವಾಮಿ’ ಎನ್ನುವ ಹಿರಿಯರಿದ್ದರಲ್ಲ, ಪೈಥಾನ್ ಅದೇ ವಂಶ.

ಹಾಲಿನ ಲೆಕ್ಕ ಸುಲಭವೆಂದುಕೊಂಡು ಕೈಹಾಕುವಂಥದ್ದು. ದಿನಕ್ಕೆ ಎರಡು ಅರ್ಧ ಲೀಟರು, ಗುಣಿಸು ತಿಂಗಳ ದಿನ. ಆದರೆ ಹಬ್ಬಕ್ಕೆ ಪಾಯಸವಿದೆ, ಮಗಳು ಬಂದರೆ ಮೊಸರಿಗೆ ಹೆಚ್ಚು ಬೇಕು, ನಾವು ಊರಿಗೆ ಹೋದರೆ ಬೇಡ, ಊರಿಗೆ ಹೋಗಿದ್ದನ್ನು ಹೇಳಲು ಮರೆತರೆ ಬಂದ ಹಾಲು ಎದುರುಮನೆಗೆ, ಎದುರುಮನೆಯವರು ಅದಕ್ಕೆ ದುಡ್ಡು ಕೊಡದೆ ಮಾವಿನಕಾಯಿ ಕೊಟ್ಟರೆ ಅದು ಯಾವ ಕಾಲಮ್ಮಿಗೆ? ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮವಳು ಪೆನ್ನಿನಿಂದ ಹಾಕುವ ಸೊನ್ನೆ, ಗೀಟು, ಚುಕ್ಕೆಗಳು ಎಷ್ಟು ಪಕ್ವವಾದ ವ್ಯವಸ್ಥೆ ಎಂಬುದು ಅದನ್ನು ಪೈಥಾನಿಗೆ ಇಳಿಸಲು ಹೋದಾಗ ತಿಳಿಯುತ್ತದೆ. ಮೇಲೆ ದಶಾಂಶದ ಕಾಟ. ಸೊನ್ನೆ ಪಾಯಿಂಟ್ ಒಂದಕ್ಕೆ ಸೊನ್ನೆ ಪಾಯಿಂಟ್ ಎರಡು ಕೂಡಿಸಿದರೆ ಪೈಥಾನ್ 0.30000000000000004 ಎನ್ನುತ್ತದೆ. ಒಳಗೆಲ್ಲ ಸೊನ್ನೆ, ಒಂದು ಎಂಬ ಎರಡೇ ಅಂಕಿಗಳ ಗಣಿತವಾದ್ದರಿಂದ 0.1 ಅನ್ನು ಅದು ನಿಖರವಾಗಿ ಹಿಡಿದಿಟ್ಟುಕೊಳ್ಳಲಾರದು. ಬಲ್ಲವರು ಹೇಳುವ ಉಪಾಯ, ಲೆಕ್ಕವನ್ನೆಲ್ಲ ಪೈಸೆಯಲ್ಲೇ ಇಟ್ಟುಕೊಂಡು ಕೊನೆಗೆ ರೂಪಾಯಿ ಮಾಡುವುದು. ನಾಲ್ಕಾಣೆ ಚಲಾವಣೆಯಿಂದ ಹೋದದ್ದು 2011ರ ಜೂನ್ 30ಕ್ಕೆ. ನನ್ನ ಪ್ರೋಗ್ರಾಮಿನೊಳಗೆ ಒಂದೊಂದು ಪೈಸೆಯೂ ಇನ್ನೂ ಓಡಾಡಿಕೊಂಡಿದೆ.

ನಿಜವಾದ ಜಗಳ ಬಂದದ್ದು ಕನ್ನಡದ ವಿಷಯದಲ್ಲಿ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದವನ್ನು ಪತ್ತೆ ಮಾಡುವುದು ಎಲ್ಲ ಪುಸ್ತಕದಲ್ಲೂ ಇರುವ ಅಭ್ಯಾಸ. ನಮ್ಮಲ್ಲಿ ಅದಕ್ಕೆ ಹುಟ್ಟು ಉದಾಹರಣೆ ‘ವಿಕಟಕವಿ’. ಕೊಟ್ಟೆ. ಪೈಥಾನ್ ಖಂಡತುಂಡವಾಗಿ ‘ಅಲ್ಲ’ ಎಂದಿತು. ತೆನಾಲಿಯ ಕಾಲದಿಂದ ಒಪ್ಪಿ ಬಂದದ್ದನ್ನು ನಿನ್ನೆ ಮೊನ್ನೆಯ ಹೆಬ್ಬಾವು ಅಲ್ಲಗಳೆಯುವುದೆಂದರೇನು! ಕಾರಣ ಇಷ್ಟೆ: ನಮಗೆ ‘ವಿ’ ಒಂದು ಅಕ್ಷರ, ಯೂನಿಕೋಡಿಗೆ ಎರಡು. ಮೊದಲು ವ, ಆಮೇಲೆ ಗುಡಿಸು. ತಿರುಗಿಸಿದಾಗ ಗುಡಿಸು ಮುಂದೆ, ವ ಹಿಂದೆ. ತಲೆಯಿಲ್ಲದ ಗುಡಿಸು ಬಾಗಿಲಲ್ಲೇ ಬಿದ್ದಿರುತ್ತದೆ. ತಮಾಷೆಯೆಂದರೆ ‘ಕನ್ನಡ’ವನ್ನು ತಿರುಗಿಸಿದರೆ ‘ಡನ್ನಕ’ ಎಂದು ಸರಿಯಾಗಿಯೇ ಬರುತ್ತದೆ. ನಡುವಿನ ನ್ನ ಎತ್ತ ತಿರುಗಿಸಿದರೂ ನ್ನ. ಒಂದೇ ಅಕ್ಷರದ ‘ಸ್ತ್ರೀ’ ಎಷ್ಟು ಉದ್ದವೆಂದು ಕೇಳಿದರೆ ಆರು ಎನ್ನುತ್ತದೆ. ಇದನ್ನು ದೂರಿನ ದನಿಯಲ್ಲಿ ಓದಿ ಹೇಳಿದಾಗ ಅಡುಗೆಮನೆಯಿಂದ ಉತ್ತರ ಬಂತು: “ಸರಿಯಾಗೇ ಇದೆ ಬಿಡಿ, ಆರು ಜನದ ಕೆಲ್ಸ ಒಬ್ಳೇ ಮಾಡೋದು.”

ಹಾಗೆಂದು ಅದಕ್ಕೆ ಕನ್ನಡದ ಗಂಧವೇ ಇಲ್ಲವೆನ್ನಲಾಗದು. ‘೨೫’ ಎಂದು ಕನ್ನಡ ಅಂಕಿಯಲ್ಲಿ ಬರೆದು ಸಂಖ್ಯೆಯಾಗಿಸು ಎಂದರೆ ಚಕಾರವೆತ್ತದೆ 25 ಮಾಡಿಕೊಳ್ಳುತ್ತದೆ. ಈಗಿನ ಎಷ್ಟೋ ಮಕ್ಕಳು ತಡವರಿಸುತ್ತಾರೆ. ಆದರೆ ಅಕಾರಾದಿಯಾಗಿ ಜೋಡಿಸು ಎಂದರೆ ‘ಮಹಾ’ಕ್ಕಿಂತ ಮೊದಲು ‘ಮಳೆ’ ತರುತ್ತದೆ, ಯೂನಿಕೋಡಿನಲ್ಲಿ ಳ ಲಕಾರದ ಪಕ್ಕಕ್ಕೇ ಕೂತಿರುವುದರಿಂದ. ಹಕಾರದ ನಂತರ ಳ ಎಂದು ಬಾಯಿಪಾಠ ಮಾಡಿಸಿದ ನಮ್ಮ ಮೇಷ್ಟ್ರು ಇದ್ದಿದ್ದರೆ ಬೆತ್ತ ಹುಡುಕುತ್ತಿದ್ದರು.

ವಿಕಟಕವಿಯ ಮಾನ ಉಳಿಸಲು ಅಕ್ಷರಗಳನ್ನು ನಮ್ಮ ರೀತಿಯಲ್ಲಿ ಬಿಡಿಸುವ ತುಣುಕೊಂದನ್ನು ಬರೆದೆ: ಗುಣಿತದ ಚಿಹ್ನೆ ಬಂದರೆ ಹಿಂದಿನದಕ್ಕೆ ಅಂಟಿಸು, ಅರ್ಧಾಕ್ಷರದ ಚಿಹ್ನೆ ಬಂದರೆ ಮುಂದಿನದನ್ನೂ ಎಳೆದುಕೋ. ಬರೆದ ಮೇಲೆ ನೋಡಿದರೆ ಛಂದಸ್ಸಿಗೆ ಬೇಕಾದ ಅರ್ಧ ಕೆಲಸ ಮುಗಿದೇ ಹೋಗಿತ್ತು. ದೀರ್ಘಕ್ಕೆ, ಅನುಸ್ವಾರಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು ಮಾತ್ರೆ, ಉಳಿದದ್ದಕ್ಕೆ ಒಂದು. ಶಾಲೆಯಲ್ಲಿ ಪೆನ್ಸಿಲಿನಿಂದ ಹಾಕುತ್ತಿದ್ದ ಪ್ರಸ್ತಾರವನ್ನು ಈಗ ಯಂತ್ರ ಹಾಕತೊಡಗಿತು. ಷಟ್ಪದಿಗಳಲ್ಲಿ ಭಾಮಿನಿಗೆ 3-4-3-4, ವಾರ್ಧಕಕ್ಕೆ 5-5-5-5, ಭೋಗಕ್ಕೆ 3-3-3-3 ಎಂದು ಹೇಳಿಕೊಟ್ಟೆ. ಕುಮಾರವ್ಯಾಸನ ಮೇಲೆ ಪ್ರಯೋಗಿಸುವ ಧೈರ್ಯ ಬರುವ ಮುಂಚೆ ಕಿವಿಗೆ ಬಿದ್ದದ್ದನ್ನೆಲ್ಲ ಅದಕ್ಕೆ ತಿನ್ನಿಸುತ್ತಿದ್ದೆ: ರೇಡಿಯೊದ ಪ್ರದೇಶ ಸಮಾಚಾರ, ತರಕಾರಿ ಗಾಡಿಯ ಕೂಗು, ವಿದ್ಯುತ್ ಬಿಲ್ಲಿನ ಹಿಂದಿನ ಸೂಚನೆಗಳು. ಯಾವುದೂ ಛಂದಸ್ಸಿಗೆ ಬೀಳಲಿಲ್ಲ.

ಒಂದು ಬೆಳಿಗ್ಗೆ ಒಳಗಿನಿಂದ “ಮೊದಲು ಎದ್ದು ಹಾಲು ತನ್ನಿ” ಎಂದು ಕೇಳಿಸಿತು. ಅಭ್ಯಾಸಬಲದಿಂದ ಅದನ್ನೂ ಟೈಪು ಮಾಡಿದೆ. ಮೂರು, ಮೂರು, ಮೂರು, ಮೂರು. ಭೋಗ ಷಟ್ಪದಿಯ ಮೊದಲ ಸಾಲು, ಎಲ್ಲೂ ಒಂದು ಮಾತ್ರೆ ಹೆಚ್ಚುಕಡಿಮೆಯಿಲ್ಲ. ಉಳಿದ ಐದು ಸಾಲು ಬರುವುದರೊಳಗೆ ಎದ್ದು ಚೀಲ ಹಿಡಿದೆ.