ನಾಲ್ಕು ಮಿಲಿಮೀಟರ್ ಕಣ್ಣೀರು

ನಮ್ಮ ಮನೆತನದಲ್ಲಿ ಅಳುವ ಖಾತೆ ನನ್ನದು. ಅಣ್ಣನಿಗೆ ಜಗಳ, ಅಕ್ಕನಿಗೆ ಲೆಕ್ಕಾಚಾರ, ನನಗೆ ಕಣ್ಣೀರು ಎಂದು ಖಾತೆ ಹಂಚಿಕೆ ಯಾವಾಗಲೋ ಆಗಿಹೋಗಿದೆ. ಹೆಣ್ಣೊಪ್ಪಿಸುವ ಹೊತ್ತಿಗೆ ಹೆಣ್ಣಿನ ಅಪ್ಪನಿಗಿಂತ ಮೊದಲು ಕರ್ಚೀಫು ತೆಗೆಯುವವನು ನಾನು, ಗಂಡಿನ ಕಡೆಯವನಾಗಿ ಹೋಗಿದ್ದರೂ. ಮೊಮ್ಮಗಳಿಗೆ ಪುಣ್ಯಕೋಟಿಯ ಕಥೆ ಹೇಳಲು ಕೂತು ಅರ್ಧದಲ್ಲೇ ಗಂಟಲು ಕಟ್ಟಿ ನಿಲ್ಲಿಸಿದಾಗ, ಅವಳೇ ನನ್ನ ಬೆನ್ನು ತಟ್ಟಿ, 'ಹುಲಿ ಸತ್ರೆ ಒಳ್ಳೇದೇ ಅಲ್ವಾ ತಾತ' ಎಂದು ಸಮಾಧಾನ ಮಾಡಿದ್ದಳು. ಇಂಥವನ ಕಣ್ಣು ಹೋದ ಬೇಸಿಗೆಯಲ್ಲಿ ಬತ್ತಿತು. ಕೆ.ಆರ್.ಎಸ್. ಬತ್ತಿದರೆ ಪೇಪರಿನಲ್ಲಿ ಬರುತ್ತದೆ. ಇದು ಯಾವ ಪೇಪರಿನಲ್ಲೂ ಬರಲಿಲ್ಲ.

ಹಿನ್ನೆಲೆ ಇಷ್ಟೇ. ಒಂದು ಬೆಳಿಗ್ಗೆ ಎರಡೂ ಭುಜಗಳು ಮುಷ್ಕರ ಹೂಡಿದವು. ಬನಿಯನ್ ತೊಡಲು ಕೈ ಮೇಲೇಳದು. ಬಾಚಣಿಗೆ ತಲೆಯ ಬಳಿಗೆ ಹೋಗದು, ತಲೆಯೇ ಬಾಚಣಿಗೆಯ ಬಳಿಗೆ ಬರಬೇಕು. ರಕ್ತ ಪರೀಕ್ಷೆಯಲ್ಲಿ ಇ.ಎಸ್.ಆರ್. ಏರಿತ್ತು. ಡಾಕ್ಟರು 'ಪಾಲಿಮಯಾಲ್ಜಿಯಾ ರುಮ್ಯಾಟಿಕಾ' ಎಂದರು. ಐವತ್ತು ದಾಟಿದವರನ್ನೇ ಹುಡುಕಿಕೊಂಡು ಬರುವ ಕಾಯಿಲೆಯಂತೆ. ನಮ್ಮಾಕೆ ಅದನ್ನು ಇವತ್ತಿಗೂ 'ಆ ಪಾಲಿ' ಎಂದೇ ಕರೆಯುತ್ತಾಳೆ. ಪ್ರೆಡ್ನಿಸೋಲೋನ್, ದಿನಕ್ಕೆ 15 ಮಿಲಿಗ್ರಾಂ, ಬೆಳಿಗ್ಗೆ ತಿಂಡಿಯಾದ ಮೇಲೆ. ಮಾರನೆಯ ದಿನವೇ ಎರಡೂ ಕೈ ಎತ್ತಿ ಅಟ್ಟದಿಂದ ಡಬ್ಬ ಇಳಿಸಿದೆ. ಬೇಕಿರಲಿಲ್ಲ, ಸುಮ್ಮನೆ ಇಳಿಸಿದೆ. ಮತ್ತೆ ಏರಿಸಿದೆ. 'ಧೂಳು ಬೀಳ್ತಿದೆ ರೀ' ಎಂದು ಅವಳು ಕೂಗುವವರೆಗೆ ಇಳಿಸಿ ಏರಿಸುತ್ತಲೇ ಇದ್ದೆ.

ಈ ಪ್ರೆಡ್ನಿಸೋಲೋನ್ ಒಂದು ಸ್ಟೀರಾಯ್ಡ್, ಕಾರ್ಟಿಸೋನಿನ ವಂಶದ್ದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸಿಗೆ ಮೊದಲ ಬಾರಿ ಕಾರ್ಟಿಸೋನ್ ಚುಚ್ಚಿದರಂತೆ. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳಂತೆ. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಅಟ್ಟದ ಡಬ್ಬ ಕೈಗೆ ಸಿಕ್ಕಿದ ದಿನ ನನ್ನ ಕೈಗೆ ಅಧಿಕಾರವಿದ್ದಿದ್ದರೆ ಮೂವರಿಗೂ ರಾಜ್ಯೋತ್ಸವ ಪ್ರಶಸ್ತಿಯನ್ನೂ ಕೊಟ್ಟುಬಿಡುತ್ತಿದ್ದೆ.

ಬಂಧುಗಳಿಗೆ ಮಾತ್ರ ಆ ಉತ್ಸಾಹವಿರಲಿಲ್ಲ. 'ಸ್ಟೀರಾಯ್ಡಾ!' ಎಂದು ಎದೆ ಹಿಡಿದುಕೊಂಡವರೇ ಎಲ್ಲರೂ. ಕೆಳಗಿನ ಮನೆಯ ಹುಡುಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಯಾವ ಜಿಮ್ ಸಾರ್?' ಎಂದ. ಭಾವಮೈದ ದಾವಣಗೆರೆಯಿಂದ ಫೋನು ಮಾಡಿ, 'ಭಾವ, ಈ ಕ್ಷಣ ನಿಲ್ಲಿಸಿಬಿಡಿ, ಅದು ವಿಷ' ಎಂದ. ಈ ಸಲಹೆಯ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ಹೊರಗಿನಿಂದ ಮಾತ್ರೆ ಬರುತ್ತಿರುವಾಗ ಮೂತ್ರಪಿಂಡದ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿರುತ್ತದೆ. ಅದನ್ನು ಎಬ್ಬಿಸದೆ ಮಾತ್ರೆ ನಿಲ್ಲಿಸಿದರೆ ಮನುಷ್ಯ ಕುಸಿದು ಬೀಳಬಹುದು, ಪ್ರಾಣಕ್ಕೂ ಬರಬಹುದು. ಆದ್ದರಿಂದಲೇ ತಿಂಗಳುಗಟ್ಟಲೆ ಮಿಲಿಗ್ರಾಂ ಮಿಲಿಗ್ರಾಮಾಗಿ ಇಳಿಸುತ್ತಾರೆ. ಇದನ್ನೆಲ್ಲ ಅವನಿಗೆ ವಿವರಿಸಿದೆ. 'ಅದೇ ನಾನೂ ಹೇಳ್ತಿರೋದು, ವಿಷ' ಎಂದ.

ಮಾತ್ರೆ ತನ್ನ ಲೀಲೆ ತೋರಿಸಿತು, ಇಲ್ಲವೆನ್ನುವುದಿಲ್ಲ. ನಡುರಾತ್ರಿ ಹಸಿವು; ಕತ್ತಲೆಯಲ್ಲಿ ಕೋಡುಬಳೆ ಮುರಿದರೆ ಎಷ್ಟು ಸದ್ದಾಗುತ್ತದೆ ಎಂಬುದು ಈ ವಯಸ್ಸಿನಲ್ಲಿ ಗೊತ್ತಾಯಿತು. ಕೆನ್ನೆ ಉಬ್ಬಿತು. 'ಮದುವೆ ಫೋಟೋದ ಮುಖ ವಾಪಸ್ ಬಂತು' ಎಂದು ಅವಳು ಹೇಳಿದ್ದು ಹೊಗಳಿಕೆಯೋ ಅಲ್ಲವೋ ನಾನು ಕೇಳಲಿಲ್ಲ. ಆಮೇಲೆ ಶುರುವಾಯಿತು ಕಣ್ಣು. ಬೆಳಿಗ್ಗೆ ರೆಪ್ಪೆ ತೆರೆದರೆ ಉರಿ, ಒಳಗೆ ಮರಳು ಬಿದ್ದ ಹಾಗೆ ಕರಕರ. ಈರುಳ್ಳಿ ಹೆಚ್ಚಿದರೆ ಉರಿ ಮಾತ್ರ, ನೀರಿಲ್ಲ. ಗಾಳಿಗೆ ಹೋದರೆ ಇದ್ದಕ್ಕಿದ್ದಂತೆ ಧಾರಾಕಾರ. ಒಳಗೆ ಬಂದು ಕೂತರೆ ಮತ್ತೆ ಬರಗಾಲ. ಒಣಗಿದ ಕಣ್ಣು ಉರಿ ತಾಳದೆ ಗಾಬರಿಯಿಂದ ಸುರಿಸುವ ಈ ನೀರು ನಿಲ್ಲುವ ನೀರಲ್ಲವಂತೆ, ಕೆನ್ನೆಗೆ ಜಾರಿ ಹೋಗುತ್ತದಂತೆ. ಅಂತೂ ನಾದಿನಿಯ ಮಗಳ ಮದುವೆಯಲ್ಲಿ ಹೆಣ್ಣೊಪ್ಪಿಸುವಾಗ ನಾನು ಕಲ್ಲಿನ ಕಂಬದ ಪಕ್ಕ ಇನ್ನೊಂದು ಕಂಬವಾಗಿ ನಿಂತಿದ್ದೆ. ಉಡುಗೊರೆ ಕಡಿಮೆಯಾಯಿತೆಂದು ನನಗೆ ಬೇಸರವಾಗಿದೆ ಅಂತ ಸುದ್ದಿಯಾಯಿತು.

ಮಾತ್ರೆಯ ಪೆಟ್ಟಿಗೆಯೊಳಗಿನ ಚೀಟಿಯನ್ನು ಭೂತಗನ್ನಡಿ ಹಿಡಿದು ಓದಿದೆ. ಕಣ್ಣು ಒಣಗಿದ್ದು ಇದರಿಂದಲೇ ಏನು ಎಂದು ತಿಳಿಯಲು ಓದಿ ಓದಿ ಕಣ್ಣು ಇನ್ನಷ್ಟು ಒಣಗಿತು. ಕೊನೆಗೆ ಕಣ್ಣಾಸ್ಪತ್ರೆಗೆ ಹೋದೆವು.

ಅಲ್ಲಿಯ ಹುಡುಗಿ ನನ್ನನ್ನು ಉದ್ದನೆಯ ಬೆಂಚಿನ ಮೇಲೆ ಕೂರಿಸಿ, ಎರಡು ಕಾಗದದ ಪಟ್ಟಿ ತಂದಳು. ಇದು ಷಿರ್ಮರ್ ಪರೀಕ್ಷೆ. ಒಟ್ಟೋ ಷಿರ್ಮರ್ ಎಂಬ ಜರ್ಮನ್ ವೈದ್ಯರು 1903ರಲ್ಲಿ ಹೇಳಿಕೊಟ್ಟದ್ದು. ಅಂದಿನಿಂದ ಇಂದಿನವರೆಗೆ ಹೆಚ್ಚೇನೂ ಬದಲಾಗಿಲ್ಲ. ಐದು ಮಿಲಿಮೀಟರ್ ಅಗಲ, ಮೂವತ್ತೈದು ಮಿಲಿಮೀಟರ್ ಉದ್ದದ ಸೋಸು ಕಾಗದ. ತುದಿ ಮಡಚಿ ಕೆಳರೆಪ್ಪೆಯೊಳಗೆ ಸಿಕ್ಕಿಸುತ್ತಾರೆ. ಐದು ನಿಮಿಷದಲ್ಲಿ ಕಾಗದ ಎಷ್ಟು ದೂರ ಒದ್ದೆಯಾಯಿತೆಂದು ಅಳೆಯುತ್ತಾರೆ. ಹತ್ತು ಮಿಲಿಮೀಟರ್ ದಾಟಿದರೆ ಸಾಮಾನ್ಯವಾಗಿ ಪಾಸು. ಐದಕ್ಕಿಂತ ಕೆಳಗಿದ್ದರೆ ಕಣ್ಣು ನಿಜವಾಗಿ ಒಣಗಿದೆ ಅಂತ. ಅವಳು ಎರಡೂ ಕಣ್ಣಿಗೆ ಪಟ್ಟಿ ನೇತುಹಾಕಿ, ಮೊಬೈಲಿನಲ್ಲಿ ಟೈಮರ್ ಒತ್ತಿ, 'ಆರಾಮಾಗಿ ಕೂತ್ಕೊಳ್ಳಿ ಅಂಕಲ್' ಎಂದು ಹೋದಳು.

ಆರಾಮವೆಲ್ಲಿಂದ ಬರಬೇಕು? ಪರೀಕ್ಷೆ ಎಂದಮೇಲೆ ಫೇಲಾಗುವುದು ನನಗೆ ಆಗದು. ಅದರಲ್ಲೂ ಅಳುವ ಪರೀಕ್ಷೆ! ಜೀವಮಾನವೆಲ್ಲ ತಯಾರಿ ಮಾಡಿಕೊಂಡ ಸಬ್ಜೆಕ್ಟು. ಮೊದಲು ಪುಣ್ಯಕೋಟಿಯನ್ನು ಕರೆದೆ. ಕರು ಅಂಬಾ ಎಂದಿತು, ಕಾಗದ ಅಲ್ಲಾಡಲಿಲ್ಲ. ಕಸ್ತೂರಿ ನಿವಾಸದ ಪಾರಿವಾಳ ಬಂತು, ಹೋಯಿತು. ಬಂಗಾರದ ಮನುಷ್ಯದಲ್ಲಿ ರಾಜೀವ ಊರು ಬಿಟ್ಟು ಹೊರಟೇಬಿಟ್ಟ. ನಾನು ರೆಪ್ಪೆ ಬಡಿದು ಬೀಳ್ಕೊಟ್ಟೆ. ಎಸ್ಸೆಸ್ಸೆಲ್ಸಿ ಗಣಿತದ ಮಾರ್ಕ್ಸ್‌ಕಾರ್ಡು, ಪ್ರಮೋಷನ್ ತಪ್ಪಿದ ವರ್ಷ, ತೀರಿಹೋದ ಹಳೇ ಸ್ಕೂಟರು. ಊಹೂಂ. ಕಣ್ಣು ಕೆಳಗೆ ಮಾಡಿ ನೋಡಿದರೆ ಬಿಳಿ ಕಾಗದ ಬಿಳಿಯಾಗಿಯೇ ನೇತಾಡುತ್ತಿದೆ. ಆಗ ಒಳಗೆಲ್ಲಿಂದಲೋ ಎದ್ದು ಬಂತು, ರಾಜರಾಜೇಶ್ವರಿ ನಗರದಲ್ಲಿ ಅಪ್ಪ ಮಾರಿದ ಸೈಟು. ಮೂಲೆ ಸೈಟು. ಪೂರ್ವಕ್ಕೆ ಬಾಗಿಲು. 'ಅಷ್ಟು ದೂರ ಯಾರು ಹೋಗ್ತಾರೆ' ಎಂದು ಅಪ್ಪ ಅದನ್ನು ಮಾರಿ ಬಂದ ಹಣದಲ್ಲಿ ಒಂದು ಟೀವಿಯನ್ನೂ ಒಂದು ಗೋದ್ರೇಜ್ ಬೀರುವನ್ನೂ ತಂದಿದ್ದರು. ಇವತ್ತಿನ ರೇಟಿಗೆ ಚದರಡಿಯನ್ನು ಗುಣಿಸಿದೆ. ಬಲಗಣ್ಣಿನಲ್ಲಿ ತಣ್ಣಗೆ ಏನೋ ಸರಿಯಿತು. ಆಣೆ ಮಾಡಿ ಹೇಳುತ್ತೇನೆ, ಒಂದು ಮಿಲಿಮೀಟರ್ ಮುಂದೆ ಹೋಯಿತು. ಎದುರಿಗೆ ಕೂತಿದ್ದ ನಮ್ಮಾಕೆ ಈ ಹೊತ್ತಿಗೆ ಸರಿಯಾಗಿ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಮೊದಲ ಉತ್ತರ ಅಣ್ಣನದು: 'ಇವನ ಬೆಲೆ ಎಷ್ಟು ಅಂತ ಚೀಟಿ ಅಂಟಿಸಿದ್ದಾರಾ?'

ಪಕ್ಕದಲ್ಲಿದ್ದವರಿಗೂ ಪಟ್ಟಿ ಸಿಕ್ಕಿಸಿದ್ದರು. ಕದ್ದು ನೋಡಿದೆ. ಅವರದು ಅರ್ಧ ಒದ್ದೆ, ಇಪ್ಪತ್ತರ ಹತ್ತಿರ. ಹೊಟ್ಟೆ ಉರಿಯಿತು. ಆಮೇಲೆ ಗಮನಿಸಿದೆ: ಅವರಿಗೆ ಒಂದೇ ಪಟ್ಟಿ.

'ಒಂದೇ ಕಣ್ಣು ಸಾ,' ಎಂದರು ನಾನು ಕೇಳುವ ಮುಂಚೆಯೇ. ಮಂಡ್ಯದ ಕಡೆಯವರು, ಆಲೆಮನೆ ಇದೆಯಂತೆ. ಎರಡನೇ ಅಲೆಯಲ್ಲಿ ಕೊರೊನಾ ಬಂದು ಆಕ್ಸಿಜನ್ ಹಾಕಿದ್ದರಂತೆ. 'ಸ್ಟೀರಾಯ್ಡ್ ಚುಚ್ಚಿದ್ರು, ಬದುಕ್ದೆ. ಸಕ್ರೆ ಕಾಯ್ಲೆ ಇತ್ತು, ಐನೂರ್ ಮುಟ್ಟಿತ್ತಂತೆ, ಯಾರೂ ನೋಡ್ನಿಲ್ಲ. ಮನೆಗ್ ಬಂದ್ ಮೇಲೆ ಕೆನ್ನೆ ನೋವು, ಮೂಗಲ್ಲಿ ಕಪ್ಪು.' ಕರಿ ಕನ್ನಡಕವನ್ನು ಒಂದಿಷ್ಟು ಮೇಲೆತ್ತಿ ತೋರಿಸಿ ಮತ್ತೆ ಇಳಿಸಿದರು. 2021ರ ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ಸಿಗೆ ಬೇಕಾದ ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ಜನ ಊರೂರು ಅಲೆದದ್ದು ನೆನಪಿದೆಯಲ್ಲ. ಅವರ ಮಗನೂ ಅಲೆದಿದ್ದ.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಕ್ಸಿಜನ್ ಬೇಕಾದ ಕೊರೊನಾ ರೋಗಿಗಳನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಉಳಿಸುತ್ತದೆಂದು 2020ರಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತ್ತು, ಅದು ನಿಜ. ಉಸಿರಾಟ ಚೆನ್ನಾಗಿದ್ದವರೂ ಮನೆಯಲ್ಲೇ ಕೂತು ವಾಟ್ಸಾಪಿನಲ್ಲಿ ಬಂದ ಚೀಟಿ ನೋಡಿ ಅದನ್ನು ನುಂಗಿದ್ದೂ ನಿಜ. ಸಕ್ಕರೆ ನೋಡುವುದಕ್ಕೆ ಬೇಕಾದದ್ದು ಬೆರಳ ತುದಿಯ ಒಂದು ಹನಿ ರಕ್ತ. ಅದನ್ನು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ ಎಂದರೆ ಯಾರನ್ನು ಬೈಯಬೇಕು? ನನ್ನ ಭಾವಮೈದ 'ವಿಷ' ಎಂದಾಗ ಅವನ ತಲೆಯಲ್ಲಿ ಇದೇ ಇತ್ತೇನೋ.

'ಅಳ್ಬೇಡಿ ಅಂತೀನಿ ಅಂದ್ಕೊಂಡ್ರಾ? ನೀವು ಅಳ್ತಾನೇ ಇಲ್ವಲ್ಲ ಸಾ,' ಎಂದು ಅವರು ನನ್ನ ಪಟ್ಟಿ ನೋಡಿ ನಕ್ಕರು. 'ನಂದು ನೋಡಿ, ಹೊಳೆ. ಇದು ಅಳು ಅಲ್ಲ, ನೀರ್ ಹೋಗೋ ದಾರಿ ಕಟ್ಕೊಂಡೈತೆ, ಸೋರ್ತದೆ. ಬೇಕಾದ್ರೆ ಅರ್ಧ ತಗೊಳಿ.'

ಟೈಮರ್ ಕೂಗಿತು. ನನಗೆ ಬಲಗಣ್ಣು ನಾಲ್ಕು, ಎಡಗಣ್ಣು ಆರು. ಆ ನಾಲ್ಕರಲ್ಲಿ ಒಂದು ಸೈಟಿನದು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನಿ. ಕಣ್ಣಿನ ಒತ್ತಡ ಅಳೆದು, ಪೊರೆ ನೋಡಿ, ಸರಿಯಿದೆ ಎಂದರು. 'ಸ್ಟೀರಾಯ್ಡಿಂದ ನಾವು ಹೆದರೋದು ಈ ಎರಡಕ್ಕೆ, ಪೊರೆಗೆ ಮತ್ತು ಗ್ಲಾಕೋಮಾಗೆ. ಅದಕ್ಕೇ ಆಗಾಗ ಬಂದು ತೋರಿಸಿ. ಕಣ್ಣು ಒಣಗೋದಕ್ಕೆ ಅದೊಂದನ್ನೇ ಹಿಡಿಯೋಕಾಗಲ್ಲ ಅಂಕಲ್. ನೀರೂ ಕಮ್ಮಿ, ರೆಪ್ಪೆಯ ಎಣ್ಣೆಯೂ ಕಮ್ಮಿ ನಿಮಗೆ.'

'ಎಣ್ಣೆ ನಾನೇ ಕಮ್ಮಿ ಮಾಡಿದ್ದು ಡಾಕ್ಟ್ರೇ, ಕೊಲೆಸ್ಟ್ರಾಲು ಅಂತ,' ಎಂದಳು ನಮ್ಮಾಕೆ ಅಪರಾಧಿಯ ದನಿಯಲ್ಲಿ.

ಅದು ಬೇರೆ ಎಣ್ಣೆಯಂತೆ. ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಆವಿಯಾಗದಂತೆ ಕಾಯುವ ಎಣ್ಣೆ, ರೆಪ್ಪೆಯಂಚಿನ ಪುಟ್ಟ ಗ್ರಂಥಿಗಳಿಂದ ಬರುತ್ತದೆ. ಫೋನು ನೋಡುತ್ತಾ ಕೂತವನು ರೆಪ್ಪೆ ಬಡಿಯುವುದನ್ನೇ ಮರೆಯುತ್ತಾನೆ. ಬಡಿಯದಿದ್ದರೆ ಎಣ್ಣೆ ಹರಡದು. 'ಬೇರೆ ಮಾತ್ರೆ ಏನಾದ್ರೂ?' ಎಂದು ಕೇಳಿದರು. ಏನೂ ಇಲ್ಲ ಎಂದೆ, ದೃಢವಾಗಿ. ನಮ್ಮಾಕೆ ಬ್ಯಾಗಿನಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದಳು. ಅದರಲ್ಲಿತ್ತು ಸೆಟಿರಿಜಿನ್, ಬೆಂಗಳೂರಿನ ಧೂಳಿಗೆ ಸೀನು ಬರುತ್ತದೆಂದು ವರ್ಷಗಳಿಂದ ರಾತ್ರಿ ಮಲಗುವ ಮುಂಚೆ ನುಂಗುವ ಪುಟ್ಟ ಬಿಳಿ ಮಾತ್ರೆ.

'ಅದು ಮಾತ್ರೆ ಅಲ್ಲ,' ಎಂದೆ. 'ನೆಗಡಿದು.'

'ನನಗೆ ಹೆಚ್ಚು ಅನುಮಾನ ಇದರ ಮೇಲೆ,' ಎಂದರು ಡಾಕ್ಟರಮ್ಮ. ಮೂಗು ಒಣಗಿಸುವ ಔಷಧಿಗೆ ಮೂಗು ಯಾವುದು, ಕಣ್ಣು ಯಾವುದು ಎಂಬ ಭೇದವಿಲ್ಲ. ಊರೆಲ್ಲ ಸ್ಟೀರಾಯ್ಡಿಗೆ ಕಾವಲು ಕೂತಿದ್ದಾಗ ಈ ಸಾಧುಪ್ರಾಣಿ ಹಿತ್ತಲ ಬಾಗಿಲಿನಿಂದ ಬಂದು ಕೊಡ ಎತ್ತಿಕೊಂಡು ಹೋಗಿತ್ತು.

ಚೀಟಿ ಬರೆದುಕೊಟ್ಟರು. ಸೆಟಿರಿಜಿನ್ ಬಂದ್, ಮೂಗಿಗೆ ಬೇರೆ ಸ್ಪ್ರೇ. ರೆಪ್ಪೆಗೆ ಬಿಸಿಬಟ್ಟೆಯ ಕಾವು. ಫ್ಯಾನು ಮುಖಕ್ಕೆ ನೇರ ಬೇಡ. ಕೃತಕ ಕಣ್ಣೀರು, ದಿನಕ್ಕೆ ನಾಲ್ಕು ಸಲ. ಬಾಟಲಿಯ ಮೇಲೆ ಓದಿದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಐಸ್‌ಕ್ರೀಮ್ ನುಣುಪಾಗಿರಲೆಂದು ಹಾಕುವುದೂ ಇದನ್ನೇ. ಕೊನೆಗೆ ಇನ್ನೊಂದು ಡ್ರಾಪ್ಸ್, ಕೆಲವೇ ದಿನಕ್ಕೆ, ಉರಿಯೂತ ಇಳಿಯಲು. ಹೆಸರು ಓದಿ ಕೇಳಿದೆ, 'ಇದು...?' 'ಹೌದು ಅಂಕಲ್, ಸ್ಟೀರಾಯ್ಡೇ.'

ಈಗ ಕಣ್ಣು ಎಷ್ಟೋ ವಾಸಿ. ಗೃಹಪ್ರವೇಶವೊಂದರಲ್ಲಿ ಹೊಗೆಗೆ ನೀರು ಬಂದಾಗ ಎಲ್ಲರಿಗೂ ಕರೆದು ತೋರಿಸಿದೆ. ಬಾಟಲಿ ತೆರೆದ ತಿಂಗಳಿಗೆ ಎಸೆಯಬೇಕೆಂಬ ಸೂಚನೆಯನ್ನು ಮಾತ್ರ ನಮ್ಮಾಕೆ ಒಪ್ಪಿಲ್ಲ. ಅರ್ಧ ತುಂಬಿದ್ದನ್ನು ಎಸೆಯುವ ಮನೆ ಇದಲ್ಲವಂತೆ. ನಾನು ಕದ್ದು ಎಸೆಯುತ್ತೇನೆ, ಅವಳು ಹುಡುಕಿ ತರುತ್ತಾಳೆ.

ಹೋದ ವಾರ ಭಾವಮೈದ ಬಂದಿದ್ದ. ಮೆಜೆಸ್ಟಿಕ್ಕಿನಿಂದ ಆಟೋದಲ್ಲಿ ಬರುವಷ್ಟರಲ್ಲಿ ಧೂಳಿಗೆ ಮೂಗು ಕಟ್ಟಿತ್ತು. ಸೋಫಾದಲ್ಲಿ ಕೂತು, ಸ್ಟೀರಾಯ್ಡಿನ ಮೇಲೆ ಒಂದು ಗಂಟೆ ಉಪನ್ಯಾಸ ಕೊಟ್ಟು, ಮಧ್ಯೆ ಮಧ್ಯೆ ಸೀನಿ, ಅಡುಗೆಮನೆಯ ಕಡೆ ತಿರುಗಿ, 'ಅಕ್ಕಾ, ನೆಗಡಿ ಮಾತ್ರೆ ಇದೆಯಾ?' ಎಂದ.

'ಇದೆಯಪ್ಪಾ' ಎಂದು ನಾನೇ ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿ ತಂದೆ. ಅವನ ಮಗಳ ಮದುವೆ ಮಾಘದಲ್ಲಿದೆ.