ಫ್ಲೆಕ್ಸಿನ ಬಹುಮುಖಿ ಆಯಾಮಗಳು: ಒಂದು ತಾತ್ವಿಕ ಅನುಸಂಧಾನ

ಪ್ರಸ್ತಾವನೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸರ್ಕಲ್ಲುಗಳ ಧಾರ್ಮಿಕ ಅಸ್ಮಿತೆಯನ್ನು ಪ್ರಸ್ತುತ ಅಧ್ಯಯನವು 'ಸ್ವಾಗತ ಕೋರುವ ಸಂಕಥನ'ದ ನೆಲೆಯಲ್ಲಿ ಮುಖಾಮುಖಿಯಾಗುತ್ತದೆ. ಮುಖಾಮುಖಿ ಎಂಬ ಪಾರಿಭಾಷಿಕ ಪದವನ್ನು ಇಲ್ಲಿ ಅಕ್ಷರಶಃ ಗ್ರಹಿಸತಕ್ಕದ್ದು. ಸರ್ಕಲ್ಲಿನಲ್ಲಿ ನಿಂತ ಅಧ್ಯಯನಕಾರನನ್ನು ಏಕಕಾಲಕ್ಕೆ ಮೂವತ್ತೆರಡು ಮುಖಗಳು ನೋಡುತ್ತಿದ್ದವು.

ಅಧ್ಯಯನದ ವ್ಯಾಪ್ತಿ: ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಮಿತಿ: ಗಾಳಿ.

ಪ್ರೇರಣೆ: 'ದೃಶ್ಯ ಸಂವಹನ ಮತ್ತು ಸಂಸ್ಕೃತಿ' ಎಂಬ ಎರಡು ದಿನಗಳ ವಿಚಾರ ಸಂಕಿರಣ. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ 'ಸಂಕಿರ್ಣ' ಎಂದು ಅಚ್ಚಾಗಿತ್ತು. ಎರಡು ದಿನ ಅದರ ಮುಂದೆಯೇ ಕೂತು ದೃಶ್ಯ ಸಂವಹನ ಚರ್ಚಿಸಿದ ಯಾರಿಗೂ ಅದು ದೃಶ್ಯವಾಗಲಿಲ್ಲ.

ಲಕ್ಷಣ ಪ್ರಕರಣ

ಶಿಲ್ಪಶಾಸ್ತ್ರಕ್ಕೆ ತಾಳಮಾನವಿದ್ದಂತೆ ಫ್ಲೆಕ್ಸಿಗೆ ಪಾರ್ಟಿಮಾನ. ದೇವರು ಎಡ ಮೂಲೆ, ಸ್ವಾಮಿಗಳು ಬಲ ಮೂಲೆ, ನಡುವೆ ಕೈಮುಗಿದ ಮುಖಂಡ. ಕೆಳಗೆ 'ಕೋರುವವರು' ಎಂಬ ಸಾಲಿನಡಿ ರೇಷನ್ ಕಾರ್ಡಿನ ಅಳತೆಯ ಅಭಿಮಾನಿಗಳು. ಕೊಟ್ಟ ಚಂದಾಕ್ಕೆ ತಕ್ಕ ಗಾತ್ರ. ಹೇಮಗುಡ್ಡದ ದಸರೆಯಲ್ಲಿ ದುರ್ಗಾ ಪರಮೇಶ್ವರಿ ಆನೆಯ ಮೇಲೆ ಅಂಬಾರಿಯಲ್ಲಿ ಬರುತ್ತಾಳೆ. ಫ್ಲೆಕ್ಸಿನಲ್ಲೂ ಬಂದಿದ್ದಳು. ಆದರೆ ಆ ಆನೆಗಿಂತ ಮುಖಂಡರ ಕೂಲಿಂಗ್ ಗ್ಲಾಸ್ ದೊಡ್ಡದಿತ್ತು.

ವರ್ಗೀಕರಣ

ಫ್ಲೆಕ್ಸುಗಳು ಐದು ಬಗೆ: ಸ್ವಾಗತಾತ್ಮಕ, ಶುಭಾಶಯಾತ್ಮಕ, ಅಭಿನಂದನಾತ್ಮಕ, ಜನ್ಮದಿನಾತ್ಮಕ, ಶ್ರದ್ಧಾಂಜಲ್ಯಾತ್ಮಕ.

ಒಂದು, ಸ್ವಾಗತಾತ್ಮಕ: ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಹೊರಟ ಹನುಮ ಮಾಲಾಧಾರಿಗೆ ಊರೂರಲ್ಲೂ ಅಡ್ಡ ಸಿಗುವಂಥದ್ದು. ಹತ್ತುವವನು ಬರಿಗಾಲಲ್ಲಿ, ಕೋರುವವನು ಕಂಬದ ಮೇಲೆ.

ಎರಡು, ಶುಭಾಶಯಾತ್ಮಕ: ಅದೇ ಫೋಟೊ, ಬೇರೆ ಹಬ್ಬ.

ಮೂರು: ಅದೇ ಫೋಟೊ. ಉಳಿದ ಎರಡನ್ನು ಓದುಗರೇ ಊಹಿಸಿಕೊಳ್ಳಬೇಕು. ಅಧ್ಯಯನಕಾರನಿಗೆ ಬೇಸರ ಬಂದಿದೆ.

ಕಾನೂನಾತ್ಮಕ ನೆಲೆ

ಬಯಲು ಸ್ಥಳಗಳನ್ನು ವಿರೂಪಗೊಳಿಸದಂತೆ ತಡೆಯುವ ರಾಜ್ಯದ ಕಾಯ್ದೆ 1981ರದ್ದು. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ ನಿಷೇಧಿಸಿದ್ದು 2016ರಲ್ಲಿ. ಈ ನೆಲೆಯಲ್ಲಿ ಹೇಳಲು ಇಷ್ಟೇ ಇದೆ. ಕಾಯ್ದೆಯೂ ಫ್ಲೆಕ್ಸಿನ ಹಿಂದೆಯೇ ಎಲ್ಲೋ ನಿಂತಿದೆ.

ಚಾರಿತ್ರಿಕ ಹಿನ್ನೆಲೆ

ಜಿಲ್ಲೆಯ ಅತಿ ಹಳೆಯ ಫ್ಲೆಕ್ಸುಗಳು ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನಲ್ಲೂ ಇವೆ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಎರಡು ಸಾವಿರ ವರ್ಷ ಮೀರಿದ ಬಾಳಿಕೆ. 1931ರಲ್ಲಿ ಬೆಳಕಿಗೆ ಬಂದವು. ವಿನ್ಯಾಸದೋಷಗಳು ಮಾತ್ರ ಗಂಭೀರ. ಪ್ರಾಯೋಜಕರ ಭಾವಚಿತ್ರವಿಲ್ಲ. ಹೆಸರೂ ಇಲ್ಲ, 'ದೇವಾನಾಂಪ್ರಿಯ' ಎಂದಷ್ಟೇ ಇದೆ. ಆ ದೇವಾನಾಂಪ್ರಿಯ ಅಶೋಕನೇ ಎಂದು ಖಾತ್ರಿಯಾಗಲು 1915ರಲ್ಲಿ ಮಸ್ಕಿಯ ಬಂಡೆ ಸಿಗಬೇಕಾಯಿತು. ಇಷ್ಟು ದುರ್ಬಲ ಪ್ರಚಾರದಿಂದ ಆತ ವಾರ್ಡ್ ಚುನಾವಣೆಯನ್ನೂ ಗೆಲ್ಲುತ್ತಿರಲಿಲ್ಲ.

ಆ ಬಂಡೆಗಳ ಮೇಲೆ ಬರೆಸಿದ್ದಾದರೂ ಏನು? ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂದು.

ಇಲ್ಲಿ ಪರಿಭಾಷೆಯನ್ನು ಪಕ್ಕಕ್ಕಿಡುತ್ತೇನೆ. ಗವಿಸಿದ್ಧೇಶ್ವರನ ಜಾತ್ರೆಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ಬರುತ್ತದೆ. ದಿನಗಟ್ಟಲೆ ಒಲೆಯ ಮುಂದೆ ಕೂತು, ಅಂಗೈ ಕೆಂಪಾಗಿಸಿಕೊಂಡು ಬಡಿದ ರೊಟ್ಟಿ. ಆ ಟ್ರ್ಯಾಕ್ಟರ್ ಸಾಗಿಬರುವ ದಾರಿಯುದ್ದಕ್ಕೂ ಫ್ಲೆಕ್ಸುಗಳೇ. ಒಂದೊಂದನ್ನೂ ಹುಡುಕಿದೆ. ರೊಟ್ಟಿ ಬಡಿದವಳ ಮುಖ ಒಂದರಲ್ಲೂ ಇಲ್ಲ. ಉಂಡು ಕೈತೊಳೆದವರೇ ಎಲ್ಲ ಕಡೆ ಹಲ್ಲುಬಿಟ್ಟು ನಿಂತಿದ್ದಾರೆ. ನಾಚಿಕೆಯಾಗಬೇಕು, ಅವರಿಗಾಗದಿದ್ದರೆ ಆ ಫ್ಲೆಕ್ಸುಗಳ ಕೆಳಗೆ ನಡೆದುಹೋಗುವ ನಮಗಾದರೂ.

ಅನುಬಂಧ

ಮೊದಲು ನಮ್ಮ ಬೋರ್ಡುಗಳನ್ನು ಒಬ್ಬ ಪೇಂಟರ್ ಕಾಕಾ ಬರೆಯುತ್ತಿದ್ದರು. ಜಾತ್ರೆಯ ಬಟ್ಟೆ ಬ್ಯಾನರಿಗೆ ನೀಲಿ ಅಕ್ಷರ, ಕೆಂಪು ನೆರಳು. ದೇವರ ಹೆಸರು ಬರೆಯುವ ದಿನ ಬೆಳಿಗ್ಗೆಯೇ ಸ್ನಾನ. ತಮ್ಮ ಹೆಸರು ತೀರಾ ಕೆಳಗೆ, ಇರುವೆಯಷ್ಟು. ಒತ್ತಕ್ಷರ ತಪ್ಪಿದರೆ ಸೀಮೆಎಣ್ಣೆ ಹಚ್ಚಿ ಒರೆಸಿ, ಮತ್ತೆ ಬರೆಯುತ್ತಿದ್ದರು. ಈಗ ಲಾರಿಯ ನಂಬರು ಬರೆಯುತ್ತಾರೆ, ಅದೂ ಸಿಕ್ಕರೆ. ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರಕ್ಕೆ ಹುಣಸೆ ಬೀಜದ ಅಂಟು ಹಚ್ಚಿ ದೇವರನ್ನು ಮಾಡುತ್ತಾರಲ್ಲ, ನೀವೂ ಆ ಕಡೆ ಹೋಗಬಹುದಿತ್ತು ಎಂದೆ.

"ಅವರು ದೇವರನ್ನ ಮಾಡತಾರ ತಮ್ಮಾ, ನಾ ಬರೇ ಅಕ್ಷರದಾಂವ" ಎಂದರು. "ಅಕ್ಷರ ಯಾರ್ ಓದತಾರೀಗ? ಎಲ್ಲಾರೂ ತಮ್ಮ ಫೋಟೊ ಎಲ್ಲೈತಿ ಅಂತ ಹುಡಕತಾರ."

ಸಮಾರೋಪ

ಕೊಯ್ಲಿನ ಹೊತ್ತಿಗೆ ಗಂಗಾವತಿಯ ಕಡೆ ಅಕಾಲದ ಮಳೆ ಬಂತು. ರಸ್ತೆಯ ಬದಿಯ ಭತ್ತದ ರಾಶಿಗೆ ಯಾರೋ ಹಳೆಯ ಫ್ಲೆಕ್ಸ್ ಹೊದಿಸಿ ಕಲ್ಲು ಹೇರಿದ್ದರು. ಬಿಳಿಯ ಮೈ ಮೇಲೆ, ಮುಖಗಳೆಲ್ಲ ಒಳಗೆ. ಯಾರು ಯಾರಿಗೆ ಕೋರಿದ ಸ್ವಾಗತವೋ ತಿಳಿಯಲಿಲ್ಲ. ಕೈ ಹಾಕಿ ನೋಡಿದೆ. ಭತ್ತ ನೆನೆದಿರಲಿಲ್ಲ.