ಉಡುಪಿಗೆ ಹೊರಟಿದ್ದೀರಂತೆ

ಅಕ್ಕಾ, ಬಟ್ಟೆ ಒಣಹಾಕಿ ಆಯ್ತಾ? ಒಂದು ನಿಮಿಷ ಈ ದಾಸವಾಳದ ಗಿಡದ ಹತ್ತಿರ ಬನ್ನಿ. ಶನಿವಾರ ಉಡುಪಿಗೆ ಹೊರಟಿದ್ದೀರಂತೆ, ಬೆಳಿಗ್ಗೆ ಹೂವು ಕೊಯ್ಯುವಾಗ ನಿಮ್ಮ ಅತ್ತೆ ಹೇಳಿದ್ರು. ಕೇಳಿದ ಮೇಲೆ ಒಳಗೆ ಕೂರಲಿಕ್ಕೇ ಆಗ್ಲಿಲ್ಲ, ಸಾರು ಇಳಿಸಿಟ್ಟು ಬಂದೆ. ನನ್ನ ಅಜ್ಜಿ ಮನೆ ಅಲ್ಲೇ, ಬಡಗುಪೇಟೆಯ ಓಣಿಯಲ್ಲಿ. ಬೇಸಿಗೆ ರಜೆ ಬಂತೆಂದರೆ ನಾವು ಮಕ್ಕಳೆಲ್ಲ ರಥಬೀದಿಯ ಪಾಲು.

ಬೆಳಿಗ್ಗೆ ಹತ್ತಕ್ಕೆ ಇಳಿದು, ದರ್ಶನ ಮಾಡಿ, ಊಟ ಮುಗಿಸಿ, ಎರಡು ಗಂಟೆಗೆ ಕೊಲ್ಲೂರಿನ ಬಸ್ಸಾ? ಬೇಡ ಅಕ್ಕಾ. ಕೊಲ್ಲೂರಿಗೆ ಮರುದಿನ ಹೋಗಿ. ಒಂದು ರಾತ್ರಿ ಉಡುಪಿಯಲ್ಲಿ ಉಳಿಯಿರಿ. ಅದು ಬರೀ ಗುಡಿಯಲ್ಲ, ಒಂದು ಮನೆ. ಎಂಟು ಜನ ಸರದಿಯಲ್ಲಿ ನಡೆಸಿಕೊಂಡು ಬಂದ ಮನೆ. ಮನೆಗೆ ಹೋದವರು ದೇವರ ಕೋಣೆಯನ್ನಷ್ಟೇ ಇಣುಕಿ ಬಂದರೆ ಹೋದ ಹಾಗಾಯ್ತಾ? ಅಡುಗೆಮನೆ, ಹಿತ್ತಲು, ಕಟ್ಟಿಗೆ ಒಟ್ಟಿದ ಜಾಗ, ಎಲ್ಲ ನೋಡಬೇಕಲ್ಲ.

ಮೊದಲಿಗೆ ಒಂದು ಮಾತು. ರಥಬೀದಿಗೆ ಕಾಲಿಟ್ಟ ಕೂಡಲೇ ಕೃಷ್ಣನ ಸಾಲಿಗೆ ಓಡಬೇಡಿ. ನನ್ನ ಅಜ್ಜಿ ಒಂದು ದಿನವೂ ಹಾಗೆ ಮಾಡಿದವಳಲ್ಲ. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಅದೇ ಕ್ರಮ. ಉಡುಪಿ ಅನ್ನುವ ಹೆಸರೇ ಚಂದ್ರನಿಂದ ಬಂದದ್ದು ಅಂತ ಹೇಳ್ತಾರೆ. ಉಡು ಅಂದ್ರೆ ನಕ್ಷತ್ರ, ಉಡುಪ ಅಂದ್ರೆ ಅವುಗಳ ಒಡೆಯ. ಅವನು ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡ ಜಾಗ ಇದು ಅಂತ ಸ್ಥಳದ ಕಥೆ. ತುಳುವಿನಲ್ಲಿ ಊರಿಗೆ ಒಡಿಪು ಅಂತಾರೆ. ಚಂದ್ರಮೌಳೀಶ್ವರನ ಗುಡಿ ಬೀದಿಗಿಂತ ತಗ್ಗಿನಲ್ಲಿದೆ, ಮೆಟ್ಟಿಲಿಳಿದು ಹೋಗಬೇಕು. ನಿಮ್ಮ ಅತ್ತೆಯ ಮಂಡಿನೋವಿಗೆ ಸ್ವಲ್ಪ ಕಷ್ಟ, ಕೈ ಹಿಡ್ಕೊಳ್ಳಿ. ಆದರೆ ಇಳಿದ ಕೂಡಲೇ ಒಂದು ತಂಪು ತಾಗ್ತದೆ ನೋಡಿ, ಕಲ್ಲು, ಎಣ್ಣೆ, ಬಿಲ್ವಪತ್ರೆ ಮೂರೂ ಸೇರಿದ ತಂಪು. ನನಗೆ ಈಗಲೂ ಅಜ್ಜಿಯ ಸೆರಗಿನ ನೆನಪು ಬರೋದು ಅಲ್ಲಿಯೇ.

ಅನಂತೇಶ್ವರ ದೊಡ್ಡ ಗುಡಿ. ದೇವರು ಲಿಂಗರೂಪದಲ್ಲಿದ್ದಾನೆ, ಊರಿನ ವೈಷ್ಣವರು ಅಲ್ಲಿ ಅನಂತನನ್ನು ಕಾಣ್ತಾರೆ. ಕೃಷ್ಣನ ಮಠ ಆಗುವ ಮುಂಚೆಯೇ ಇದ್ದ ಗುಡಿ ಇದು. ಮಧ್ವಾಚಾರ್ಯರು ಶಿಷ್ಯರನ್ನು ಕೂರಿಸಿಕೊಂಡು ಪಾಠ ಹೇಳಿದ್ದು ಇದರೊಳಗೇ. ಐತರೇಯ ಉಪನಿಷತ್ತಿನ ಪಾಠ ನಡೀತಿದ್ದಾಗ ಹೂಮಳೆ ಸುರಿದು, ಹೂವಿನ ರಾಶಿಯ ನಡುವಿಂದ ಆಚಾರ್ಯರು ಅದೃಶ್ಯರಾದರು ಅನ್ನುವ ನಂಬಿಕೆಯೂ ಇಲ್ಲಿಯದೇ. ಮಾಘ ಶುದ್ಧ ನವಮಿಯನ್ನು ಅದಕ್ಕೇ ಮಧ್ವನವಮಿ ಅಂತ ಆಚರಿಸ್ತಾರೆ. ಅವರು ಕೂರುತ್ತಿದ್ದ ಜಾಗ ಇದೆ, ಕೇಳಿದರೆ ತೋರಿಸ್ತಾರೆ. ಕೃಷ್ಣನ ಮಠದಲ್ಲಿ ಸಾವಿರ ಜನ ಇರುವಾಗಲೂ ಇಲ್ಲಿ ಒಂದು ಕಂಬಕ್ಕೆ ಒರಗಿ ಕೂರುವಷ್ಟು ಜಾಗ, ಮೌನ ಸಿಗ್ತದೆ. ಹತ್ತು ನಿಮಿಷವಾದರೂ ಕೂತು ಎದ್ದುಬನ್ನಿ.

ಆಮೇಲೆ ಕೃಷ್ಣ. ಅಲ್ಲೂ ಒಳಗೆ ನುಗ್ಗುವ ಮೊದಲು ಕನಕನ ಕಿಂಡಿ. ಹೋದ ವರ್ಷ ನಮ್ಮ ಸಂಬಂಧಿಕರನ್ನು ಕರ್ಕೊಂಡು ಹೋಗಿದ್ದೆ, ಅವರು ಸಾಲು ಬೆಳೀತದೆ ಅಂತ ಓಡಿದ್ರು, ಕಿಂಡಿಯ ಮುಂದೆ ನಿಲ್ಲಲೇ ಇಲ್ಲ. ನನಗೆ ಆ ದಿನ ಪೂರ್ತಿ ಸಂಕಟ. ಎರಡು ವರ್ಷಕ್ಕೊಮ್ಮೆ ಪೂಜೆಯ ಸರದಿ ಬದಲಾಗುವ ಪರ್ಯಾಯದ ದಿನ ಹೊಸದಾಗಿ ಪೀಠ ಏರುವ ಸ್ವಾಮಿಗಳು ಕೂಡ ಮೆರವಣಿಗೆಯಲ್ಲಿ ಬಂದು ಮೊದಲು ಈ ಕಿಂಡಿಯಿಂದಲೇ ಕೃಷ್ಣನನ್ನು ನೋಡೋದು, ಗೊತ್ತಾ? ಒಳಗೆ ಹೋಗಿ ಆ ಮೂರ್ತಿಯನ್ನು ಮುಟ್ಟಿ ಪೂಜೆ ಮಾಡುವ ಅಧಿಕಾರ ಇದ್ದವರು ಹೊರಗೆ ನಿಂತು, ಕನಕದಾಸರು ನಿಂತ ಜಾಗದಿಂದ ನೋಡಿ, ಚಂದ್ರಮೌಳೀಶ್ವರ, ಅನಂತೇಶ್ವರರಿಗೆ ಕೈಮುಗಿದು, ಆಮೇಲೆ ಒಳಗೆ ಕಾಲಿಡ್ತಾರೆ. ಬಾಗಿಲಾಚೆ ನಿಂತು ಹಾಡಿದವನಿಗೆ ಕೃಷ್ಣ ತಿರುಗಿ ನಿಂತ, ಗೋಡೆ ಬಿರುಕು ಬಿಟ್ಟಿತು ಅನ್ನುವ ಕಥೆಯನ್ನು ನೀವೂ ಕೇಳಿದ್ದೀರಿ. ಕೃಷ್ಣ ಅಲ್ಲಿ ಪಶ್ಚಿಮಕ್ಕೆ ಮುಖ ಮಾಡಿರೋದಂತೂ ಕಣ್ಣೆದುರಿಗೇ ಇದೆ. ಒಳಗೆ ಬರಲಾಗದೆ ಹೊರಗೆ ಉಳಿದ ಒಬ್ಬ ಭಕ್ತನ ಹೆಸರನ್ನು ಇಡೀ ಊರು ಮೊದಲ ದರ್ಶನಕ್ಕೆ ಇಟ್ಟುಕೊಂಡಿದೆಯಲ್ಲ, ಅದನ್ನು ನೆನೆದಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ. ಈ ಕಾರ್ತಿಕದಲ್ಲೇ ಕನಕ ಜಯಂತಿಯೂ ಬರೋದು.

ಒಳಗಿನ ದರ್ಶನವೂ ಕಿಂಡಿಯಿಂದಲೇ, ಬೆಳ್ಳಿ ಹೊದಿಸಿದ, ಒಂಬತ್ತು ರಂಧ್ರದ ನವಗ್ರಹ ಕಿಂಡಿ. ಕಣ್ಣು ಹತ್ತಿರ ಒಯ್ದು, ಒಂದೇ ರಂಧ್ರಕ್ಕೆ ಅಂಟಿಸಿ ನೋಡಿ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲಿಕ್ಕೆ ಒಂದು ಕ್ಷಣ ಬೇಕು. ಪುಟ್ಟ ಹುಡುಗ ಅವನು, ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ. ಕೈಯಲ್ಲಿ ಚಕ್ರವಿಲ್ಲ, ಗದೆಯಿಲ್ಲ, ಅಮ್ಮನ ಕೈಯಿಂದ ಕಸಿದುಕೊಂಡ ಮಜ್ಜಿಗೆ ಕಡೆಯುವ ಸಾಮಾನು. ದ್ವಾರಕೆಯ ಕಡೆಯಿಂದ ಬಂದ ಹಡಗಿನಲ್ಲಿ ಗೋಪೀಚಂದನದ ಹೆಂಟೆಯೊಳಗಿದ್ದನಂತೆ. ಮಲ್ಪೆಯ ಹತ್ತಿರ ಬಿರುಗಾಳಿಗೆ ಹಡಗು ಸಿಕ್ಕಿದಾಗ, ದಡದಲ್ಲಿದ್ದ ಮಧ್ವಾಚಾರ್ಯರು ಬಟ್ಟೆ ಬೀಸಿ ಅದನ್ನು ಪಾರು ಮಾಡಿದರು, ಬದಲಿಗೆ ಬೇಡಿದ್ದು ಆ ಮಣ್ಣಿನ ಹೆಂಟೆಯನ್ನಷ್ಟೇ. ಉಳಿದರೆ ಮಲ್ಪೆಗೂ ಹೋಗಿಬನ್ನಿ, ಅಲ್ಲಿಗೆ ಹತ್ತಿರದ ವಡಭಾಂಡೇಶ್ವರದಲ್ಲಿ ಅಣ್ಣ ಬಲರಾಮನ ಗುಡಿ ಇದೆ. ಅದನ್ನು ನೋಡದೆ ಬರಬೇಡಿ.

ಹಾಂ, ಮಠದ ಪೂರ್ವದ ಬಾಗಿಲು ಮುಚ್ಚಿರ್ತದೆ, ಯಾಕೆ ಅಂತ ನಿಮ್ಮ ಮಗಳು ಕೇಳ್ತಾಳೆ. ಅದು ತೆರೆಯೋದು ವರ್ಷಕ್ಕೊಮ್ಮೆ, ವಿಜಯದಶಮಿಗೆ. ಆ ಬಾಗಿಲಿನಿಂದ ಒಳಗೆ ಬರೋದು ಹೊಸ ಭತ್ತದ ಕದಿರು. ಭತ್ತಕ್ಕಾಗಿಯೇ ಒಂದು ಬಾಗಿಲನ್ನು ಕಾದಿರಿಸಿದ ಗುಡಿ! ಅಜ್ಜಿ ಆ ಕದಿರಿನ ಎರಡು ಎಳೆ ತಂದು ನಮ್ಮ ಮನೆಯ ಬಾಗಿಲಿಗೂ ಕಟ್ಟುತ್ತಿದ್ದಳು.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ನೀವು ಹೋಗ್ತಿರೋದು ಎಂಥ ಸಮಯಕ್ಕೆ ಅಂದ್ರೆ, ಬರುವ 2026ರ ಜನವರಿ 18ಕ್ಕೆ ಪರ್ಯಾಯ. ಮಧ್ವಾಚಾರ್ಯರು ಎಂಟು ಶಿಷ್ಯರಿಗೆ ಪೂಜೆ ಒಪ್ಪಿಸಿ ಎರಡೆರಡು ತಿಂಗಳ ಸರದಿ ಮಾಡಿದ್ದರಂತೆ. ಮುಂದೆ ವಾದಿರಾಜ ಸ್ವಾಮಿಗಳು ಅದನ್ನು ಎರಡೆರಡು ವರ್ಷಕ್ಕೆ ಬದಲಾಯಿಸಿದರು, 1522ರಿಂದ ಹಾಗೇ ನಡೀತಾ ಬಂದಿದೆ. ಎಂಟು ಮಠಗಳ ಸರದಿ ಹೀಗೆ: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ. ಇದನ್ನು ನಾವು ಮಗ್ಗಿ ಕಲಿಯುವ ಮೊದಲೇ ಕಲಿತವರು. ಒಂದು ಸುತ್ತಿಗೆ ಹದಿನಾರು ವರ್ಷ. ಈಗ ಪುತ್ತಿಗೆಯದು ಮುಗೀತಾ ಬಂತು, 2026ಕ್ಕೆ ಶಿರೂರು. ನಮ್ಮ ಅಜ್ಜಿಗೆ ಇಸವಿಯೇ ಬೇಕಿರಲಿಲ್ಲ. ನಾನು ಹುಟ್ಟಿದ್ದು ಅದಮಾರು ಪರ್ಯಾಯದಲ್ಲಿ, ತಮ್ಮ ಪುತ್ತಿಗೆಯದರಲ್ಲಿ, ಬಾವಿ ತೋಡಿಸಿದ್ದು ಪೇಜಾವರದ್ದರಲ್ಲಿ. ಅವಳ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ. ಪೇಜಾವರದ ವಿಶ್ವೇಶ ತೀರ್ಥರು 1952ರಿಂದ 2016ರವರೆಗೆ ಐದು ಸಲ ಪೀಠ ಏರಿದರು ನೋಡಿ. ಅಜ್ಜಿ ಅದರಲ್ಲಿ ನಾಲ್ಕು ಕಂಡಿದ್ದಳು. ಐದನೆಯದನ್ನು ಅವಳ ಪರವಾಗಿ ನಾನು ಹೋಗಿ ನೋಡಿಬಂದೆ.

ಹೊಸ ಸ್ವಾಮಿಗಳು ಕಾಪುವಿನ ದಂಡತೀರ್ಥದಲ್ಲಿ ಸ್ನಾನ ಮಾಡಿ, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬೆಳಗಿನ ಜಾವಕ್ಕೆ ರಥಬೀದಿ ಸೇರ್ತಾರೆ. ಹಳೆಯವರು ಹೊಸಬರ ಕೈಗೆ ಏನು ಒಪ್ಪಿಸ್ತಾರೆ ಹೇಳಿ? ಅಕ್ಷಯಪಾತ್ರೆ, ಒಂದು ಸಟ್ಟುಗ, ಬೀಗದ ಕೈ. ಸಟ್ಟುಗ ಅಕ್ಕಾ! ನಮ್ಮತ್ತೆ ನನಗೆ ಮನೆ ಒಪ್ಪಿಸಿದ್ದೂ ಹೆಚ್ಚುಕಡಿಮೆ ಹೀಗೇ. ಎರಡು ವರ್ಷ ಬಂದವರಿಗೆಲ್ಲ ಅನ್ನ ಹಾಕುವ ಹೊಣೆ ಅದು. ಉಡುಪಿಯ ಕೃಷ್ಣನನ್ನು ಅನ್ನಬ್ರಹ್ಮ ಅಂತ ಕರೆಯೋದು ಸುಮ್ಮನೆ ಅಲ್ಲ.

ಅದರ ತಯಾರಿ ಒಂದು ವರ್ಷ ಮೊದಲೇ ಶುರು. ಮೊದಲು ಬಾಳೆ ಮುಹೂರ್ತ. ಎಲೆ, ಹಣ್ಣಿಗೆ ಬೇಕಲ್ಲ, ಅದಕ್ಕೆ ಬಾಳೆಗಿಡ ನೆಡೋದು. ಆಮೇಲೆ ಅಕ್ಕಿ ಮುಹೂರ್ತ, ಮಳೆಗಾಲದ ಹೊತ್ತಿಗೆ ಕಟ್ಟಿಗೆ ಮುಹೂರ್ತ, ಪರ್ಯಾಯ ಹತ್ತಿರ ಬಂದಾಗ ಭತ್ತ ಮುಹೂರ್ತ. ಯಾವ ದೊಡ್ಡ ಕೆಲಸಕ್ಕೂ ಮುಹೂರ್ತ ಇಡ್ತೇವೆ ಸರಿ, ಕಟ್ಟಿಗೆಗೆ ಮುಹೂರ್ತ ಇಟ್ಟ ಊರನ್ನು ನಾನು ಬೇರೆ ಕಾಣೆ. ಮಧ್ವ ಸರೋವರದ ಪಕ್ಕದಲ್ಲಿ ಆ ಕಟ್ಟಿಗೆಯನ್ನೇ ರಥದ ಆಕಾರಕ್ಕೆ ಒಟ್ಟಿ ನಿಲ್ಲಿಸ್ತಾರೆ. ಈಗ ನೀವು ಹೋಗುವಾಗ ಎದ್ದು ನಿಂತಿರ್ತದೆ. ಬಹಳ ಜನ ತಿರುಗಿಯೂ ನೋಡೋದಿಲ್ಲ, ಬ್ರಹ್ಮರಥದ ಮುಂದೆ ಫೋಟೊ ತೆಗೆದು ಹೋಗ್ತಾರೆ. ನೀವು ಮಾತ್ರ ಅದರ ಸುತ್ತ ಒಮ್ಮೆ ನಡೆಯಿರಿ. ಅಷ್ಟು ಸೌದೆಯನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿ ಗೋಪುರ ಎಬ್ಬಿಸಿದ ಕೈಗಳು ಯಾರದ್ದು ಅಂತ ಯಾರೂ ಕೇಳೋದಿಲ್ಲ. ಮೆರವಣಿಗೆಯಲ್ಲಿ ಅವರ ಹೆಸರು ಕೂಗೋದೂ ಇಲ್ಲ. ನನಗೆ ಉಡುಪಿಯ ರಥಗಳಲ್ಲಿ ಹೆಚ್ಚು ಪ್ರೀತಿ ಅದರ ಮೇಲೆಯೇ. ಬೇರೆ ರಥ ದೇವರನ್ನು ಹೊತ್ತು ಬೀದಿ ಸುತ್ತುತ್ತದೆ, ಇದು ಒಲೆಗೆ ಬಿದ್ದು ಅನ್ನವಾಗ್ತದೆ.

ಮಧ್ಯಾಹ್ನ ಊಟಕ್ಕೆ ಅಲ್ಲೇ ಕೂರಿ. ಸಾರಿನ ಪರಿಮಳ ಬೇರೆಯೇ. ಮಟ್ಟುಗುಳ್ಳದ ಹುಳಿ ಬಡಿಸಿದರೆ ಎರಡನೇ ಸಲ ಹಾಕಿಸ್ಕೊಳ್ಳಿ. ಮಟ್ಟು ಅನ್ನೋ ಊರಲ್ಲಿ ಬೆಳೆಯುವ ದುಂಡನೆಯ ಎಳೆಹಸಿರು ಬದನೆ ಅದು. ಬೀಜ ಕೊಟ್ಟವರು ವಾದಿರಾಜರು ಅಂತ ಮಟ್ಟುವಿನವರ ನಂಬಿಕೆ, ಮೊದಲ ಬೆಳೆ ಇಂದಿಗೂ ಕೃಷ್ಣನಿಗೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಗುರುತೂ ಸಿಕ್ಕಿತು. ಇಲ್ಲಿಯ ನೇರಳೆ ಬದನೆಯಲ್ಲಿ ನಾನು ಎಷ್ಟು ಸಲ ಆ ಹುಳಿ ಮಾಡಿದರೂ ಆ ರುಚಿ ಬರಲಿಲ್ಲ.

ಸಂಜೆ ಯಾಕೆ ಉಳಿಯಬೇಕು ಅಂತ ಕೇಳಬಹುದು. ಮಳೆಗಾಲದಲ್ಲಿ ಉಡುಪಿಯಲ್ಲಿ ಉತ್ಸವಮೂರ್ತಿಯ ತೇರು ಎಳೆಯೋದಿಲ್ಲ, ಮೂರ್ತಿ ಒಳಗೇ ಇರ್ತದೆ. ಕಾರ್ತಿಕದ ಉತ್ಥಾನ ದ್ವಾದಶಿಗೆ ಹೊರಗೆ ಬಂದು, ಲಕ್ಷದೀಪೋತ್ಸವ ಆಗಿ, ಅಲ್ಲಿಂದ ರಥೋತ್ಸವ ಶುರು. ಈಗ ಸಂಜೆಯಾದರೆ ರಥಬೀದಿಯಲ್ಲಿ ಹಗ್ಗ ಹಿಡಿಯಲಿಕ್ಕೆ ಸಿಗ್ತದೆ. ಯಾರೂ ಬೇಡ ಅನ್ನೋದಿಲ್ಲ. ನಿಮ್ಮ ಮಗಳ ಕೈಗೂ ಹಗ್ಗ ಕೊಡಿ. ರಥ ಹೋಗುವ ದಾರಿಯ ಸುತ್ತಲೂ ಎಂಟು ಮಠಗಳ ಬಾಗಿಲು ಸಾಲಾಗಿ ಕಾಣ್ತವೆ. ಒಂದೊಂದರ ಒಳಗೂ ಬೇರೆ ಬೇರೆ ದೇವರು. ಪಲಿಮಾರಿನಲ್ಲಿ ರಾಮ, ಸೋದೆಯಲ್ಲಿ ಭೂವರಾಹ, ಕಾಣಿಯೂರಿನಲ್ಲಿ ನರಸಿಂಹ. ತಮ್ಮ ಸರದಿ ಬರುವವರೆಗೆ ಹದಿನಾಲ್ಕು ವರ್ಷ ಅವರವರ ಮನೆಯಲ್ಲಿ ಅವರವರ ಪೂಜೆ.

ರಾತ್ರಿ ಉಳಿದರೆ ಮರುದಿನ ಬೆಳಗಿನ ಜಾವದ ನಿರ್ಮಾಲ್ಯ ವಿಸರ್ಜನೆ ಸಿಗ್ತದೆ. ದಿನಕ್ಕೆ 14 ಪೂಜೆ ಕೃಷ್ಣನಿಗೆ, ಅದೇ ಮೊದಲನೆಯದು. ಅಲಂಕಾರ ಏನೂ ಇಲ್ಲದೆ, ಆಗತಾನೆ ಎದ್ದ ಮಗುವಿನ ಹಾಗೆ ಕಾಣ್ತಾನೆ. ಮಧ್ಯಾಹ್ನದ ವಜ್ರ, ಮುತ್ತು ನೋಡಿದವರಿಗೆ ಇದು ಗೊತ್ತಾಗೋದಿಲ್ಲ.

ಸಮಯ ಉಳಿದರೆ ಪಾಜಕಕ್ಕೆ ಒಂದು ಆಟೋ ಮಾಡಿ. ಮಧ್ವಾಚಾರ್ಯರು ಹುಟ್ಟಿದ ಮನೆ. ಅಮ್ಮ ಹೊರಗೆ ಹೋದಾಗ ಅತ್ತ ಮಗುವಿಗೆ ಅಕ್ಕ ದನಕ್ಕೆ ಬೇಯಿಸಿಟ್ಟ ಹುರುಳಿ ತಿನ್ನಿಸಿದ್ದು, ಕೊಟ್ಟ ಸಾಲ ಕೇಳಲಿಕ್ಕೆ ಬಂದು ಕೂತವನಿಗೆ ಬಾಲಕ ಹುಣಸೆಬೀಜ ಎಣಿಸಿ ಕೊಟ್ಟು ತೀರಿಸಿದ್ದು, ಎಲ್ಲ ಅಲ್ಲಿಯ ಕಥೆ. ಪಕ್ಕದ ಕುಂಜಾರುಗಿರಿಯ ಮೇಲೆ ದುರ್ಗೆ. ಗುಡ್ಡದ ಮೇಲಿನಿಂದ ತೆಂಗಿನ ತೋಟ, ಅದರಾಚೆ ಸಮುದ್ರದ ಒಂದು ಗೆರೆ. ನಿಮ್ಮ ಅತ್ತೆಗೆ ಹತ್ತಲಿಕ್ಕೆ ಆಗದಿದ್ದರೆ ಪಾಜಕದ ಜಗಲಿಯಲ್ಲೇ ಕೂರಿಸಿ, ಅವರಿಗೆ ಆ ಹುರುಳಿಯ ಕಥೆ ಸಾಕು.

ಕುಕ್ಕರ್ ಕೂಗ್ತಿದೆ ಅಲ್ವಾ ನಿಮ್ಮನೆಯಲ್ಲಿ? ಹೋಗಿ ಹೋಗಿ. ಒಂದೇ ಒಂದು ಮಾತು. ಬರುವಾಗ ನನಗೊಂದು ಚೆಂಡು ಶಂಕರಪುರ ಮಲ್ಲಿಗೆ ತನ್ನಿ. ಬಾಳೆನಾರಿನಲ್ಲಿ ಕಟ್ಟಿರ್ತಾರೆ. ಅಲ್ಲಿ ಮೊಳದ ಲೆಕ್ಕ ಇಲ್ಲ. 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನಕ್ಕೊಂದು. ಬಾಳೆಎಲೆಯಲ್ಲಿ ಸುತ್ತಿಸಿ ತಂದರೆ ಇಲ್ಲಿಗೆ ಬರುವವರೆಗೂ ಪರಿಮಳ ಹೋಗೋದಿಲ್ಲ. ಮತ್ತೆ ಆ ಕಟ್ಟಿಗೆ ರಥ ಈ ಸಲ ಎಷ್ಟು ಎತ್ತರಕ್ಕೆ ಎದ್ದಿದೆ ಅಂತ ನೋಡಿ ಬಂದು ಹೇಳಿ, ಭಾನುವಾರ ರಾತ್ರಿ ಎಷ್ಟೇ ತಡವಾದರೂ ಇಲ್ಲೇ ಕಾಯ್ತಿರ್ತೇನೆ.